ನಮ್ಮೂರ ಸ್ಮಶಾನಕ್ಕೂ ಒಂದು ಪುಸ್ತಕ ಬೇಕು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಮ್ಮ ಜಿಲ್ಲೆಯ ಯಾರನ್ನಾದರೂ ಕೇಳಿ ನೋಡಿ. ಗೋಳಗುಮ್ಮಟ ಯಾರ ಸಮಾಧಿ? ಥಟ್ಟನೆ ಉತ್ತರ ಬರುತ್ತದೆ: ಮುಹಮ್ಮದ್ ಆದಿಲ್‌ಶಾಹ, ತೀರಿಕೊಂಡದ್ದು 1656ರಲ್ಲಿ. ಇಬ್ರಾಹಿಂ ರೋಜಾ? ಎರಡನೇ ಇಬ್ರಾಹಿಂ ಆದಿಲ್‌ಶಾಹ, 1627. ಸರಿ, ನಿನ್ನ ಮುತ್ಯಾನ ಅವ್ವನ ಹೆಸರೇನು, ಅವಳನ್ನು ಮಣ್ಣು ಮಾಡಿದ್ದು ಎಲ್ಲಿ ಎಂದು ಕೇಳಿ. ಹೆಚ್ಚಿನವರು ಗಪ್ಪಾಗುತ್ತಾರೆ. ಅದು ಅವರ ತಪ್ಪಲ್ಲ. ಆ ಪ್ರಶ್ನೆ ಯಾವ ಪರೀಕ್ಷೆಗೂ ಬರುವುದಿಲ್ಲ, ಉತ್ತರ ಇರುವ ಪುಸ್ತಕವನ್ನೂ ಯಾರೂ ಬರೆದಿಲ್ಲ.

ನಾನು ಝಳಕಿಯವನು. ವಿಜಯಪುರ–ಸೊಲ್ಲಾಪುರ ಹೆದ್ದಾರಿಯಲ್ಲಿ ಓಡಾಡುವವರಿಗೆ ನಮ್ಮೂರು ಒಂದು ಕ್ರಾಸ್, ಚಹಾ ಕುಡಿಯಲು ಗಾಡಿ ನಿಲ್ಲಿಸುವ ಜಾಗ. ಇಲ್ಲಿ ಯುದ್ಧ ನಡೆದಿಲ್ಲ, ರಾಜ ಹುಟ್ಟಿಲ್ಲ. ಬಿಳಿಜೋಳ ಬಿತ್ತಿದವರು, ನಿಂಬೆ ಕಿತ್ತವರು, ಕಬ್ಬು ಕಡಿಯಲು ಗಡಿ ದಾಟಿ ಹೋದವರು, ಕಾಯಿಲೆ ಬಿದ್ದಾಗ ಸೊಲ್ಲಾಪುರದ ಆಸ್ಪತ್ರೆಗೆ ಹೋಗಿ ಬಂದವರು ಅಥವಾ ಬಾರದವರು, ಇವರೇ ನಮ್ಮೂರ ಇತಿಹಾಸ. ಇಂಥ ಊರುಗಳ ಬಗ್ಗೆ, ಅಲ್ಲಿ ಬದುಕಿ ಸತ್ತ ಸಾಮಾನ್ಯರ ಬಗ್ಗೆ ಪುಸ್ತಕ ಬರಬೇಕು ಮತ್ತು ಅದನ್ನು ಬರೆಯುವ ಕೆಲಸ ನಮ್ಮ ವಯಸ್ಸಿನವರದ್ದು ಎಂಬುದು ನನ್ನ ವಾದ.

ಇದೇನು ಹೊಸ ವಿಚಾರವಲ್ಲ. ಅಮೆರಿಕದಲ್ಲಿ ಎಡ್ಗರ್ ಲೀ ಮಾಸ್ಟರ್ಸ್ ಎಂಬ ವಕೀಲ 1915ರಲ್ಲಿ ‘ಸ್ಪೂನ್ ರಿವರ್ ಆಂಥಾಲಜಿ’ ಎಂಬ ಕವನ ಸಂಕಲನ ತಂದ. ಒಂದು ಸಣ್ಣ ಊರಿನ ಸ್ಮಶಾನದಲ್ಲಿ ಮಲಗಿರುವ ಇನ್ನೂರಕ್ಕೂ ಹೆಚ್ಚು ಜನ ಅದರಲ್ಲಿ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ನ್ಯಾಯಾಧೀಶನೂ ಇದ್ದಾನೆ, ಊರ ಕುಡುಕನೂ ಇದ್ದಾನೆ. ಬದುಕಿದ್ದಾಗ ಮುಚ್ಚಿಟ್ಟಿದ್ದನ್ನು ಸತ್ತ ಮೇಲೆ ಬಿಚ್ಚಿಡುತ್ತಾರೆ. 1938ರಲ್ಲಿ ಬಂದ ಥಾರ್ನ್‌ಟನ್ ವೈಲ್ಡರ್ ಅವರ ‘ಅವರ್ ಟೌನ್’ ನಾಟಕದ ಮೂರನೇ ಅಂಕ ನಡೆಯುವುದೂ ಸ್ಮಶಾನದಲ್ಲೇ. ಹೆರಿಗೆಯಲ್ಲಿ ಸತ್ತ ಎಮಿಲಿ ಎಂಬ ಹೆಣ್ಣುಮಗಳು ಒಂದೇ ಒಂದು ದಿನದ ಮಟ್ಟಿಗೆ ತನ್ನ ಹನ್ನೆರಡನೇ ಹುಟ್ಟುಹಬ್ಬಕ್ಕೆ ಮರಳಿ ಹೋಗುತ್ತಾಳೆ. ಅಡುಗೆಮನೆಯಲ್ಲಿ ಅವ್ವ ನಾಷ್ಟಾ ಮಾಡುತ್ತಿರುತ್ತಾಳೆ, ಅಷ್ಟೇ. ಅದನ್ನು ನೋಡಲಾರದೆ ಅವಳು ಗೋರಿಗೆ ವಾಪಸಾಗುತ್ತಾಳೆ. ಬದುಕಿರುವವರು ಒಬ್ಬರನ್ನೊಬ್ಬರು ಸರಿಯಾಗಿ ನೋಡುವುದೇ ಇಲ್ಲ ಎಂಬುದು ಅವಳ ಸಂಕಟ. ದೊಡ್ಡ ಘಟನೆ ಒಂದೂ ಇಲ್ಲದ ಊರಿನ ಮೇಲೂ ದೊಡ್ಡ ಪುಸ್ತಕ ಬರೆಯಬಹುದು ಎಂಬುದಕ್ಕೆ ಇವೆರಡು ಸಾಕು.

ನಮ್ಮಲ್ಲೂ ಸಾಮಾನ್ಯರ ಸಾವನ್ನು ಬರೆದಿಡುವ ರೂಢಿ ಇತ್ತು. ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಅಲ್ಲಿರುವವರಲ್ಲಿ ಎಷ್ಟೋ ಜನ ರಾಜರಲ್ಲ, ಊರ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವರು. ನಾವೆಲ್ಲ ಕೆಲಸ ಹುಡುಕಿಕೊಂಡು ಹೋಗುವ ಬೆಂಗಳೂರಿನ ಹೆಸರು ಮೊದಲು ಸಿಗುವುದೂ ಅರಮನೆಯ ಶಾಸನದಲ್ಲಲ್ಲ, ಬೇಗೂರಿನಲ್ಲಿರುವ ಸುಮಾರು ಕ್ರಿ.ಶ. 890ರ ಕಲ್ಲಿನಲ್ಲಿ. ಬೆಂಗಳೂರಿನ ಕಾಳಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು.

ಈಗ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದು ಫ್ಲೆಕ್ಸ್. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಸತ್ತವರ ಫೋಟೊ ನಡುವೆ, ಸುತ್ತ ಬದುಕಿರುವವರ ಇಪ್ಪತ್ತು ಫೋಟೊ. ಬಿಸಿಲಿಗೆ ಬಣ್ಣ ಹೋಗುವ ಹೊತ್ತಿಗೆ ಅದರ ಮೇಲೆ ಇನ್ನೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್ ಏರಿರುತ್ತದೆ. ಹೆಂಗಸರಿಗಂತೂ ಎಷ್ಟೋ ಸಲ ಅದೂ ಇಲ್ಲ. ನಮ್ಮ ಕಡೆ ಸೊಸೆಯಾಗಿ ಬಂದವಳ ಹೆಸರನ್ನೇ ಬದಲಿಸುವ ಪದ್ಧತಿ ಇತ್ತು. ತವರಿನಲ್ಲಿ ಇಟ್ಟ ಹೆಸರು ಮದುವೆಯ ದಿನವೇ ಹೋಯಿತು. ವಿಜಯಪುರದ ಹತ್ತಿರ ‘ಸಾಠ್ ಕಬರ್’ ಎಂಬ ಜಾಗವಿದೆ. 1659ರಲ್ಲಿ ಶಿವಾಜಿಯನ್ನು ಎದುರಿಸಲು ಹೊರಟ ಅಫ್ಜಲ್‌ಖಾನ್ ಕೊಲ್ಲಿಸಿದ ಹೆಂಡಂದಿರ ಗೋರಿಗಳು ಅವು ಎಂದು ಜನ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಒಂದನ್ನು ಗಮನಿಸಿ. ಅವನ ಹೆಸರು ಎಲ್ಲರಿಗೂ ಗೊತ್ತು. ಅವರಿಗೆ ಉಳಿದದ್ದು ಅರವತ್ತು ಎಂಬ ಸಂಖ್ಯೆ ಮಾತ್ರ.

ಆದರೆ ಇದೇ ಮಣ್ಣಿನಲ್ಲಿ ಇದಕ್ಕೆ ಉತ್ತರ ಕೊಟ್ಟ ಹುಡುಗರೂ ಇದ್ದರು. ನಮ್ಮೂರಿಗೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ ಮೊದಲಾದವರು ಸೇರಿ ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡುತ್ತಿದ್ದ ಮೂರು ಸಾಲಿನ ಪದಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಮುಂದೆ ‘ಜೀವನ ಸಂಗೀತ’ ಮತ್ತು ‘ಮಲ್ಲಿಗೆ ದಂಡೆ’ಯೂ ಬಂದವು. ಮೊದಲ ಪುಸ್ತಕ ಬಂದಾಗ ಮಧುರಚೆನ್ನ, ಸಿಂಪಿ ಲಿಂಗಣ್ಣ ಇಬ್ಬರೂ ಇನ್ನೂ ಮೂವತ್ತು ದಾಟಿರಲಿಲ್ಲ. ರೆಕಾರ್ಡರ್ ಇಲ್ಲ, ಕರೆಂಟಿಲ್ಲ. ಕಿವಿ, ಪೆನ್ಸಿಲ್, ತಾಳ್ಮೆ ಇದ್ದವು. ತವರಿನ ನೆನಪು, ಅತ್ತೆಮನೆಯ ಕಷ್ಟ, ಕೂಸಿನ ನಗು, ಯಾರೂ ಇತಿಹಾಸ ಎಂದು ಕರೆಯದ ಇಂಥವೆಲ್ಲ ಅವರಿಂದ ಉಳಿದವು.

ಆದರೂ ಒಂದು ಕೊರತೆ ಇದೆ. ಹಾಡು ಉಳಿಯಿತು, ಹಾಡಿದ ಒಬ್ಬೊಬ್ಬಳ ಬದುಕು ಉಳಿಯಲಿಲ್ಲ. ಅವಳು ಯಾವ ಊರಿಂದ ಬಂದಳು, ಎಷ್ಟು ಮಕ್ಕಳನ್ನು ಕಳೆದುಕೊಂಡಳು, ಯಾವ ರೋಗದಲ್ಲಿ ಸತ್ತಳು? ಆ ಅರ್ಧ ಕೆಲಸವನ್ನು ಅವರು ನಮಗೆ ಬಿಟ್ಟು ಹೋಗಿದ್ದಾರೆ ಎಂದೇ ನಾನು ತಿಳಿದಿದ್ದೇನೆ.

ಇಂಥ ಪುಸ್ತಕ ಊರನ್ನು ಹೊಗಳುವ ಪುಸ್ತಕ ಆಗಬಾರದು. ‘ನಮ್ಮೂರೇ ಚಂದ’ ಎಂಬುದು ಹಾಡಿಗೆ ಸರಿ. ಊರಿನ ನಿಜ ತಿಳಿಯಬೇಕಾದರೆ ಯಾರನ್ನು ಎಲ್ಲಿ ಹೂಳಿದರು ಎಂದು ನೋಡಬೇಕು. ಹೊಲ ಇದ್ದವರು ತಮ್ಮ ಹೊಲದ ಬೇವಿನ ಮರದ ಕೆಳಗೆ ಗದ್ದುಗೆ ಕಟ್ಟಿಸಿಕೊಂಡರು. ಹೊಲ ಇಲ್ಲದವರು ಹಳ್ಳದ ದಂಡೆಗೆ ಹೋದರು. ಒಬ್ಬೊಬ್ಬರಿಗೆ ಒಂದೊಂದು ಜಾಗ, ಒಂದೊಂದು ದಾರಿ. ಸ್ಮಶಾನಕ್ಕೆ ಜಾಗವೇ ಇಲ್ಲದ ಊರುಗಳಿಗೆ ಜಾಗ ಕೊಡಿ ಎಂದು ಹೈಕೋರ್ಟ್ ಸರ್ಕಾರಕ್ಕೆ ಹೇಳಬೇಕಾಗಿ ಬಂದ ರಾಜ್ಯ ನಮ್ಮದು. ಬದುಕಿದ್ದಾಗ ಇದ್ದ ಗೆರೆ ಸತ್ತ ಮೇಲೂ ಅಳಿಯುವುದಿಲ್ಲ ಎಂಬುದನ್ನು ಬರೆಯದ ಪುಸ್ತಕ ಬರೀ ಜಾತ್ರೆಯ ಕರಪತ್ರ ಆದೀತು.

ಈಗಲೇ ಯಾಕೆ? ಇದಕ್ಕೆ ಎರಡು ಲೆಕ್ಕ ಕೊಡುತ್ತೇನೆ.

ಒಂದು ನೀರಿನ ಲೆಕ್ಕ. ನಾನು ಓದುವುದು ಸಿವಿಲ್. ನಮ್ಮದೇ ಜಿಲ್ಲೆಯ ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. ಕಾಗದದ ಮೇಲೆ ಅದು 4.656 ಮೀಟರ್, ಒಂದು ಹೊಸ ಕಾಂಟೂರ್ ಗೆರೆ. ನೆಲದ ಮೇಲೆ ಅದು ಇನ್ನಷ್ಟು ಊರುಗಳು. ನೀರಾವರಿ ಬೇಡ ಎಂದು ಬರದ ಜಿಲ್ಲೆಯವನಾದ ನಾನು ಹೇಳಲಾರೆ, ನೀರಿಗಾಗಿ ಕಾದವರು ನಾವೇ. ಮನೆಗೆ, ಬಾವಿಗೆ, ಗಿಡಕ್ಕೆ ಬೆಲೆ ಕಟ್ಟಬಹುದು. ಹೊಲದಲ್ಲಿ ಮಲಗಿರುವ ಮುತ್ಯಾನನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಶರಾವತಿ ಕಣಿವೆಯ ಮುಳುಗಡೆಯ ನೋವನ್ನು ನಾ. ಡಿಸೋಜ ‘ದ್ವೀಪ’ದಲ್ಲಿ ಬರೆದದ್ದರಿಂದ, ಆಮೇಲೆ ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದ್ದರಿಂದ, ಅಲ್ಲಿನ ಜನರ ಕಥೆ ನನ್ನಂಥ ಬಯಲುಸೀಮೆಯವನಿಗೂ ಮುಟ್ಟಿತು. ಕೃಷ್ಣೆಯ ದಂಡೆಯ ಊರುಗಳಿಗೂ ನೀರಿಗಿಂತ ಮೊದಲು ಪುಸ್ತಕ ಮುಟ್ಟಬೇಕು.

ಇನ್ನೊಂದು ವಯಸ್ಸಿನ ಲೆಕ್ಕ. ನಮ್ಮ ಭಾಗದಲ್ಲಿ ಹಿರಿಯರು ಮರೆಯದ ವರ್ಷ 1972. ಅಂಥ ಬರ ಮತ್ತೆ ಬರಲಿಲ್ಲ ಎನ್ನುತ್ತಾರೆ. ಆಗ ನನ್ನ ವಯಸ್ಸಿನವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಇನ್ನು ಹತ್ತು ವರ್ಷ ಬಿಟ್ಟು ಕೇಳುತ್ತೇನೆ ಎಂದರೆ ಹೇಳುವವರು ಇರುವುದಿಲ್ಲ. ನಮ್ಮ ಆಯಿಯನ್ನು ನಾನು ಕೇಳಿದಾಗ ಅವಳು ಮೊದಲು ಹೇಳಿದ್ದು, ‘ನಂದೇನು ಕಥಿ ಐತೋ ತಮ್ಮಾ, ಹುಟ್ಟೀನಿ, ದುಡದೀನಿ, ಇಷ್ಟ’. ಬಿಡದೆ ಕೂತಾಗ ಬರಗಾಲದ ಕಾಮಗಾರಿಯ ಮಾತು ಬಂತು. ಹೊಸದಾಗಿ ಮದುವೆಯಾಗಿ ಬಂದವಳು ರಸ್ತೆಗೆ ಖಡಿ ಒಡೆದಿದ್ದಳು. ‘ಬ್ರಾಸಿನ ಲೆಕ್ಕದಾಗ ಪಗಾರ’ ಎಂದಳು. ಒಂದು ಬ್ರಾಸ್ ಅಂದರೆ ನೂರು ಘನ ಅಡಿ ಎಂದು ನಾನು ಎಸ್ಟಿಮೇಶನ್ ಕ್ಲಾಸಿನಲ್ಲಿ ಕಲಿತದ್ದನ್ನು, ಶಾಲೆಗೇ ಹೋಗದ ಅವಳು ಸುತ್ತಿಗೆ ಹಿಡಿದು ಕಲಿತಿದ್ದಳು. ಆ ರಸ್ತೆಯ ಮೇಲೆ ಇವತ್ತು ಬಸ್ ಓಡುತ್ತಿದೆ. ರಸ್ತೆ ಉದ್ಘಾಟಿಸಿದವರ ಹೆಸರಿಗೆ ಫಲಕ ಇರುತ್ತದೆ. ಖಡಿ ಒಡೆದವರ ಹೆಸರಿಗೆ ಯಾವ ಫಲಕವಿದೆ?

‘ಪ್ಲೇಸ್‌ಮೆಂಟ್ ಚಿಂತೆಯಲ್ಲಿ ಇರುವವರಿಗೆ ಇದೆಲ್ಲ ಯಾಕೆ?’ ಎಂದು ಗೆಳೆಯರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ನನಗೂ ಕೆಲಸ ಬೇಕು. ಆದರೆ ನಾಳೆ ನಾವೇ ಪಿಡಿಒ, ಎಂಜಿನಿಯರ್, ತಹಶೀಲ್ದಾರ್ ಆಗಿ ಇಂಥ ಊರುಗಳ ನಕ್ಷೆ ಮೇಲೆ ಗೆರೆ ಎಳೆಯುವವರು. ಆ ಗೆರೆಯ ಕೆಳಗೆ ಯಾರಿದ್ದರು ಎಂದು ತಿಳಿಯದವನು ಗೆರೆಯನ್ನು ಸುಲಭವಾಗಿ ಎಳೆಯುತ್ತಾನೆ. ತಿಳಿದವನು ಒಂದು ಗಳಿಗೆ ನಿಲ್ಲುತ್ತಾನೆ. ಆ ಒಂದು ಗಳಿಗೆಗೂ ಬೆಲೆ ಇದೆ. ಇನ್ನು ಬೆಂಗಳೂರಿಗೋ ಪುಣೆಗೋ ಹೋಗುವವರಿಗೆ, ನಾವು ಎಲ್ಲಿಂದ ಬಂದವರು ಎಂದು ಹೇಳಿಕೊಳ್ಳಲು ಪಿನ್‌ಕೋಡ್ ಬಿಟ್ಟು ಬೇರೇನಾದರೂ ಇರಬೇಕಲ್ಲ.

ಇದಕ್ಕೆ ಸಾಹಿತಿಯೇ ಆಗಬೇಕೆಂದಿಲ್ಲ. ನಮ್ಮೆಲ್ಲರ ಕೈಯಲ್ಲಿರುವ ಮೊಬೈಲಿನಲ್ಲಿ ರೆಕಾರ್ಡರ್ ಇದೆ, ಕನ್ನಡ ಕೀಬೋರ್ಡ್ ಇದೆ. ಒಬ್ಬರಿಗೆ ಒಂದು ಪುಟ ಸಾಕು: ತವರಿನ ಹೆಸರು, ಬಂದ ಊರು, ಮಾಡಿದ ಕೆಲಸ, ನೋಡಿದ ಬರ, ಸಾಲ, ಜಗಳ, ನಕ್ಕ ಒಂದು ಸಂದರ್ಭ, ಈಗ ಇಲ್ಲದಿದ್ದರೆ ಮಣ್ಣು ಮಾಡಿದ ಜಾಗ. ಹೇಳುವವರು ಬೇಡ ಎಂದದ್ದನ್ನು ಬರೆಯುವುದು ಬೇಡ. ರುದ್ರಭೂಮಿಯಲ್ಲಿ ಇರುವವರೂ ಬರಲಿ, ಕಬರಸ್ತಾನದಲ್ಲಿ ಇರುವವರೂ ಬರಲಿ, ಹಳ್ಳದ ದಂಡೆಯಲ್ಲಿ ಗುರುತೇ ಇಲ್ಲದೆ ಮಲಗಿದವರು ಮೊದಲು ಬರಲಿ. ದೀಪಾವಳಿ ರಜೆಗೆ ಊರಿಗೆ ಬರುವ ಹತ್ತು ಜನ ಹತ್ತತ್ತು ಪುಟ ಬರೆದರೆ ನೂರು ಪುಟದ ಪುಸ್ತಕ ಆಯಿತು. ಝೆರಾಕ್ಸ್ ಮಾಡಿಸಿ, ಬೈಂಡ್ ಹಾಕಿಸಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಟ್ಟರೆ ಖರ್ಚು ಒಂದು ಮೊಬೈಲ್ ರೀಚಾರ್ಜಿಗಿಂತ ಹೆಚ್ಚಾಗದು.

ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕದಲ್ಲೇ ಅದು ಇರಲಿ. ಆದಿಲ್‌ಶಾಹಿಗಳ ಇಸವಿ ಕಲಿಯಲು ಬಂದ ಹುಡುಗಿಯೊಬ್ಬಳು ಅದನ್ನೂ ತೆರೆದಾಳು. ತನ್ನ ಮುತ್ಯಾನ ಅವ್ವನ ಹೆಸರು ಅವಳಿಗೆ ಅಚ್ಚಿನಲ್ಲಿ ಸಿಗಬೇಕು.