ಈಜಿಪುರ: ನೆನಪಿರುವ ಮೇಲ್ಸೇತುವೆ, ಮರೆತುಹೋದ ಮನೆಗಳು

ಬೆಂಗಳೂರಿನಲ್ಲಿ ಈಜಿಪುರ ಎಂದೊಡನೆ ಎಲ್ಲರಿಗೂ ನೆನಪಾಗುವುದು ಮೇಲ್ಸೇತುವೆ. 2017ರಲ್ಲಿ ಆರಂಭವಾದ ಸುಮಾರು 2.5 ಕಿಲೋಮೀಟರ್ ಉದ್ದದ ಈ ಕಾಮಗಾರಿ ನಡುವೆಯೇ ನಿಂತು, 2022ರಲ್ಲಿ ಗುತ್ತಿಗೆಯೇ ರದ್ದಾಗಿ, ವರ್ಷಗಟ್ಟಲೆ ಬರಿಯ ಕಂಬಗಳ ಸಾಲಾಗಿ ಉಳಿದಿತ್ತು. ಪತ್ರಿಕೆಗಳು ಬರೆದವು, ಸಚಿವರು ಬಂದು ನೋಡಿದರು, ಗಡುವಿನ ಮೇಲೆ ಗಡುವು ನೀಡಲಾಯಿತು. ವಾಹನ ಸವಾರರ ಸಂಕಟ ಸುಳ್ಳಲ್ಲ. ಆದರೆ ಅದೇ ಈಜಿಪುರದಲ್ಲಿ ಇನ್ನೊಂದು ಕಥೆಯಿದೆ. ಅದಕ್ಕೆ ಗಡುವು ಕೇಳುವವರು ಯಾರೂ ಇರಲಿಲ್ಲ.

ಆರ್ಥಿಕವಾಗಿ ದುರ್ಬಲರಾದವರಿಗೆಂದು ಸರಕಾರವೇ ಅಲ್ಲಿ ಸುಮಾರು ಒಂದೂವರೆ ಸಾವಿರ ಮನೆಗಳನ್ನು ಕಟ್ಟಿಸಿತ್ತು. ಕಟ್ಟಿದ ಗುಣಮಟ್ಟ ಎಂಥದೆಂದರೆ ಇಪ್ಪತ್ತು ವರ್ಷ ತುಂಬುವ ಮೊದಲೇ ಗೋಡೆಗಳು ಬಿರುಕುಬಿಟ್ಟವು. 2007ರಲ್ಲಿ ಒಂದು ಕಟ್ಟಡ ಕುಸಿದು ಜೀವಗಳೇ ಹೋದವು. ಕಟ್ಟಿದವರಿಗೆ ಶಿಕ್ಷೆಯಾಗಬೇಕಿತ್ತು, ಶಿಕ್ಷೆಯಾದದ್ದು ವಾಸಿಸುತ್ತಿದ್ದವರಿಗೆ. ಅವರನ್ನು ತಗಡಿನ ಶೆಡ್ಡುಗಳಿಗೆ ಕಳುಹಿಸಲಾಯಿತು. ಪಾಲಿಕೆ ತನ್ನ ಹಣದಿಂದ ಮನೆ ಕಟ್ಟಿಕೊಡಲು ಮುಂದಾಗಲಿಲ್ಲ. ಬದಲಾಗಿ, ಬಡವರ ಜಾಗದ ಅರ್ಧಭಾಗವನ್ನು ವಾಣಿಜ್ಯ ಬಳಕೆಗೆ ಖಾಸಗಿಯವರಿಗೆ ಬಿಟ್ಟುಕೊಟ್ಟು ಉಳಿದರ್ಧದಲ್ಲಿ ಅವರಿಂದಲೇ ಮನೆ ಕಟ್ಟಿಸುವ ಒಪ್ಪಂದಕ್ಕೆ ಬಂತು. ಬಡವನ ನೆಲ ಮಾರಿ ಬಡವನಿಗೇ ಉಪಕಾರ ಮಾಡುವ ಈ ಲೆಕ್ಕಾಚಾರಕ್ಕೆ ಸಾರ್ವಜನಿಕ ಮತ್ತು ಖಾಸಗಿ ಸಹಭಾಗಿತ್ವ ಎಂಬ ಅಂದದ ಹೆಸರು ಬೇರೆ!

2013ರ ಜನವರಿಯ ಚಳಿಯಲ್ಲಿ, ನ್ಯಾಯಾಲಯದ ಆದೇಶವನ್ನು ಮುಂದಿಟ್ಟುಕೊಂಡು, ಪೊಲೀಸರ ಕಾವಲಿನಲ್ಲಿ ಜೇಸೀಬಿಗಳು ಆ ಶೆಡ್ಡುಗಳ ಮೇಲೆ ಹರಿದವು. ಅಲ್ಲಿದ್ದವರಲ್ಲಿ ಹೆಚ್ಚಿನವರು ದಲಿತರು, ಮುಸ್ಲಿಮರು, ಕ್ರೈಸ್ತರು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಬೀದಿ ಗುಡಿಸುವವರು, ಕೂಲಿಗಳು. ಅನೇಕರು ತಿಂಗಳುಗಟ್ಟಲೆ ಅದೇ ಜಾಗದ ಪಕ್ಕದ ಕಾಲುದಾರಿಯಲ್ಲಿ ಮಲಗಿದರು. ಮೂಲ ಹಂಚಿಕೆದಾರರಿಗೆ ಮಾತ್ರ ಹಕ್ಕು, ಬಾಡಿಗೆದಾರರಿಗಿಲ್ಲ ಎಂಬ ವಾದವನ್ನು ಪಾಲಿಕೆ ಮುಂದಿಟ್ಟಿತು. ಕಾಗದದ ಮಟ್ಟಿಗೆ ಅದು ಸರಿಯಿದ್ದೀತು. ಆದರೆ ವರ್ಷಗಟ್ಟಲೆ ಅಲ್ಲಿಯೇ ಬದುಕು ಕಟ್ಟಿಕೊಂಡವರು ಶಾಲೆಯ ವರ್ಷದ ನಡುವೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕು? ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಯನ್ನು ತೋರಿಸಿದ್ದುಂಟು. ಕೋರಮಂಗಲದಲ್ಲಿ ಮನೆಗೆಲಸಕ್ಕೆ ಬೆಳಿಗ್ಗೆ ಆರಕ್ಕೆ ಹಾಜರಾಗಬೇಕಾದ ಹೆಂಗಸಿಗೆ ಸೂಲಿಕುಂಟೆ ಎಂದರೆ ಕೆಲಸ ಕಳೆದುಕೊಳ್ಳುವುದೆಂದೇ ಅರ್ಥ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗಿನ ಸುರಂಗ ರಸ್ತೆಗೆ ಸುಮಾರು 17 ಸಾವಿರ ಕೋಟಿ ರೂಪಾಯಿಯ ಯೋಜನೆ ಹಾಕುವ ನಗರವಿದು. ಹೀಗಿರುವಾಗ ಒಂದೂವರೆ ಸಾವಿರ ಮನೆಗಳಿಗೆ ಮಾತ್ರ ಜಮೀನು ಅಡವಿಡಬೇಕಾಗಿ ಬಂದುದು ಹಣದ ಕೊರತೆಯಿಂದಲೆಂದು ನಂಬುವುದು ಹೇಗೆ? 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಬಳಿಕ ವರ್ಷಗಳ ಕಾಲ ಚುನಾಯಿತ ಸದಸ್ಯರೇ ಇರಲಿಲ್ಲ. ಕಾರಿನವರಿಗೆ ಪತ್ರಿಕೆಯಿದೆ, ಸಚಿವರ ದೂರವಾಣಿಯಿದೆ. ಗುಡಿಸಲಿನವರಿಗೆ ಇದ್ದುದು ವಾರ್ಡಿನ ಕಾರ್ಪೊರೇಟರ್ ಒಬ್ಬರೇ.

2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಹೊಸ ನಾಮಫಲಕಗಳನ್ನು ಬರೆಸಿದವರು ಹಳೆಯ ಕಡತವೊಂದನ್ನೂ ತೆರೆಯಲಿ. 2013ರಲ್ಲಿ ಹೊರಹಾಕಲ್ಪಟ್ಟ ಕುಟುಂಬಗಳಲ್ಲಿ ಎಷ್ಟಕ್ಕೆ ಮನೆ ಸಿಕ್ಕಿತು, ಉಳಿದವರು ಎಲ್ಲಿದ್ದಾರೆ ಎಂಬ ಪಟ್ಟಿಯನ್ನು ಹೆಸರುಸಹಿತ ಪ್ರಕಟಿಸಲಿ. ಅಂದು ಐದನೆಯ ತರಗತಿಯಲ್ಲಿದ್ದ ಮಗು ಇಂದು ಮತದಾರ.