ಉತ್ತವರಾರು, ಒಡೆಯನಾರು?

ದೊಡ್ಡವರ ಮಾತನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ, ಅವರ ಲೆಕ್ಕದ ಪುಸ್ತಕವನ್ನು ಇನ್ನೊಂದರಲ್ಲಿಡಬೇಕು. ಅಂಗಡಿಕಾರ ಬಂಧುಗಳಿಗೆ ಇದನ್ನು ನಾವು ಹೇಳಿಕೊಡಬೇಕಾದುದಿಲ್ಲ. ಅಮೆರಿಕದ ಪ್ರಜಾಪ್ರಭುತ್ವದ ಪಿತಾಮಹರಲ್ಲೊಬ್ಬರೆಂದು ಕೊಂಡಾಡಲ್ಪಡುವ ಥಾಮಸ್ ಜೆಫರ್ಸನ್ನರನ್ನೂ ಹೀಗೆಯೇ ತೂಗಿ ನೋಡೋಣ.

ಎಲ್ಲ ಮನುಷ್ಯರೂ ಸಮಾನರೆಂದು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಸಾರಿದವರು ಇವರೇ. ರೈತನನ್ನು ಇವರಷ್ಟು ಹೊಗಳಿದ ರಾಜಕಾರಣಿ ವಿರಳ. ಸ್ವಂತ ಹೊಲದ ಅನ್ನ ಉಣ್ಣುವವನು ಯಾರಿಗೂ ತಲೆಬಾಗನು. ಆದ್ದರಿಂದ ಗಣರಾಜ್ಯಕ್ಕೆ ಅವನೇ ಆಧಾರ ಎಂಬುದು ಇವರ ವಾದ. ಕಾರ್ಖಾನೆಗಳು ಯುರೋಪಿನಲ್ಲಿಯೇ ಇರಲಿ, ಪಟ್ಟಣದ ಕೂಲಿ ಜನಜಂಗುಳಿ ರಾಜ್ಯದ ಆರೋಗ್ಯಕ್ಕೆ ಕೇಡು ಎಂದೂ ಇವರು ಬರೆದರು.

ಗಿರಣಿಯ ಗೆಳೆಯರೇ, ಪರಾವಲಂಬನೆ ಕೂಲಿಕಾರನ ಹುಟ್ಟುಗುಣವೇ? ದುಡಿಮೆಯ ಸಾಧನಗಳೆಲ್ಲ ಧಣಿಯ ಕೈಯಲ್ಲಿರುವುದರ ಫಲವೇ ಅದು. ಅದನ್ನು ಜೆಫರ್ಸನ್ನರು ಅರಿಯದವರಲ್ಲ. ಭೂಮಿಯಿಲ್ಲದ ವಯಸ್ಕರಿಗೆ 50 ಎಕರೆ ಕೊಡಬೇಕೆಂದು ವರ್ಜೀನಿಯದ ಸಂವಿಧಾನಕ್ಕಾಗಿ 1776ರಲ್ಲಿ ಬರೆದ ಕರಡಿನಲ್ಲಿ ಸೂಚಿಸಿದ್ದರು. ಅದು ಅಂಗೀಕಾರವಾಗಲಿಲ್ಲ.

ಇನ್ನು ಲೆಕ್ಕದ ಪುಸ್ತಕ ತೆರೆಯೋಣ. ಮಾಂಟಿಚೆಲ್ಲೊ ಎಂಬ ಇವರ ಎಸ್ಟೇಟಿನಲ್ಲಿ ಉತ್ತವರಾರು? ಗುಲಾಮರು. ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರಿಗೆ ಇವರು ಒಡೆಯರಾಗಿದ್ದರು. ಕಾರ್ಖಾನೆ ಬೇಡವೆಂದವರು 1794ರಲ್ಲಿ ಅಲ್ಲಿಯೇ ಮೊಳೆ ತಯಾರಿಸುವ ಕಮ್ಮಟ ಹೂಡಿ, ಹತ್ತರಿಂದ ಹದಿನಾರು ವರ್ಷದ ಗುಲಾಮ ಹುಡುಗರನ್ನು ಸುತ್ತಿಗೆಗೆ ಹಚ್ಚಿದರು. ಹಣ ಬೇಕಾದಾಗ ಮನುಷ್ಯರನ್ನೇ ಅಡವಿಟ್ಟರು. ಸಾಲ ಬಿಟ್ಟು 1826ರಲ್ಲಿ ತೀರಿಕೊಂಡರು. 1827ರ ಜನವರಿಯಲ್ಲಿ 130 ಜನರ ಹರಾಜಿಗೆ ಜಾಹೀರಾತು ಹೊರಟಿತು. ಧಣಿಯ ಸಾಲಕ್ಕೆ ದುಡಿದವನ ಮಕ್ಕಳು ಮಾರಾಟ!

ಗುಲಾಮಗಿರಿ ಅನ್ಯಾಯವೆಂದು ಇವರಿಗೆ ತಿಳಿದಿರಲಿಲ್ಲವೇ? ಚೆನ್ನಾಗಿ ತಿಳಿದಿತ್ತು. ಪಶ್ಚಿಮದ ಹೊಸ ಪ್ರಾಂತಗಳಲ್ಲಿ 1800ರ ನಂತರ ಅದು ಇರಕೂಡದೆಂದು 1784ರಲ್ಲಿ ಸೂಚಿಸಿದರು. ಒಂದೇ ಮತದ ಕೊರತೆಯಿಂದ ಆ ಸೂಚನೆ ಬಿದ್ದಿತು. ಗುಲಾಮರ ಆಮದನ್ನು ನಿಷೇಧಿಸುವ ಕಾಯಿದೆಗೆ ಅಧ್ಯಕ್ಷರಾಗಿ 1807ರಲ್ಲಿ ಸಹಿ ಹಾಕಿದರು. ಇವನ್ನು ನಾವು ಮರೆಮಾಚುವುದಿಲ್ಲ. ಆದರೆ ತಿಳಿಯದೆ ಮಾಡಿದ ತಪ್ಪಿಗಿಂತ ತಿಳಿದು ಲಾಭ ಉಂಡದ್ದು ದೊಡ್ಡ ತಪ್ಪಲ್ಲವೇ?

ಪೌರತ್ವದ ಮಾತು ಬಂದಾಗಲಂತೂ ಮುಸುಕು ಪೂರ್ತಿ ಜಾರಿತು. ವರ್ಜೀನಿಯದ ಪೌರರು ಯಾರೆಂದು ನಿರ್ಧರಿಸಲು 1779ರಲ್ಲಿ ಇವರು ಸಿದ್ಧಪಡಿಸಿದ ಮಸೂದೆ ಬಿಳಿಯರನ್ನು ಮಾತ್ರ ಎಣಿಸಿತು. ಬಿಡುಗಡೆ ಹೊಂದಿದ ಕರಿಯರನ್ನು ದೇಶದಿಂದಾಚೆ ಸಾಗಿಸಬೇಕೆಂಬುದು ಇವರ ಮತ. ನೆಲ ಉಳಬಹುದು, ನೆಲದಲ್ಲಿ ನಿಲ್ಲಬಾರದು! ಕರಿಯರು ಪೌರರಾಗಲಾರರೆಂದು 1857ರಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟು ತೀರ್ಪಿತ್ತಿತು. ಅಂತರ್ಯುದ್ಧದ ರಕ್ತ ಹರಿದ ಮೇಲೆ, 1865ರಲ್ಲಿ ಗುಲಾಮಗಿರಿ ಅಳಿದು 1868ರಲ್ಲಿ ಪೌರತ್ವ ಬಂದಿತು. ನೆಲ ಮಾತ್ರ ಬರಲಿಲ್ಲ. ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆಯವರೆಗೆ ಹಂಚಲು ಸೇನಾಧಿಪತಿ ಶರ್ಮನ್ 1865ರಲ್ಲಿ ಹೊರಡಿಸಿದ ಆಜ್ಞೆಯನ್ನು, ಅದೇ ವರ್ಷ ಅಧ್ಯಕ್ಷ ಜಾನ್ಸನ್ ತಲೆಕೆಳಗು ಮಾಡಿ ಜಮೀನನ್ನು ಹಳೆಯ ಧಣಿಗಳಿಗೆ ಮರಳಿಸಿದರು.

ಸ್ವಂತ ನೆಲವಿಲ್ಲದವನ ಸ್ವಾತಂತ್ರ್ಯ ಅಭದ್ರವೆಂದು ಜೆಫರ್ಸನ್ನರು ಹೇಳಿದ್ದು ನಿಜ. ಆ ನಿಜವನ್ನು ತಮ್ಮ ಹೊಲ ಉತ್ತವರಿಗೇ ಅವರು ಅನ್ವಯಿಸಲಿಲ್ಲ. ರೈತನನ್ನು ದೇವರ ಪಕ್ಕ ಕೂರಿಸಿ ಹೊಗಳುವ ಧಣಿ ಎಲ್ಲಿಯೇ ಎದುರಾಗಲಿ, ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸ್ವಾಮಿ, ತಮ್ಮ ಹೊಲ ಉಳುವವರು ಯಾರು, ಅವರ ಪಾಲೆಷ್ಟು?