ಡಿಸ್ಚಾರ್ಜ್ ಆದ ಸೈನಿಕರ ಮಾನಸಿಕ ಆರೋಗ್ಯಕ್ಕೆ ಕಾನೂನು ಬೇಕು: ಹಕ್ಕೊತ್ತಾಯ ಪತ್ರ

ಮಾನ್ಯ ಕೇಂದ್ರ ರಕ್ಷಣಾ ಸಚಿವರಿಗೆ ಹಾಗೂ ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ,

ನಮ್ಮ ಸೇನಾಪಡೆಗಳಿಂದ ವರ್ಷಕ್ಕೆ ಸುಮಾರು 60 ಸಾವಿರ ಮಂದಿ ನಿವೃತ್ತರಾಗುತ್ತಾರೆ. ಜವಾನರಲ್ಲಿ ಅನೇಕರಿಗೆ ಆಗಿನ್ನೂ ನಲವತ್ತು ತುಂಬಿರುವುದಿಲ್ಲ. ಊರು ಹಾರ ಹಾಕಿ, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಬರಮಾಡಿಕೊಳ್ಳುತ್ತದೆ. ಕೆಲವು ತಿಂಗಳ ನಂತರ ಅದೇ ಮನುಷ್ಯ ನಿದ್ದೆಗೆಟ್ಟು ಅಂಗಳದಲ್ಲಿ ತಿರುಗಾಡುವುದು ಕಾಣುವುದು ಮನೆಯವರಿಗೆ ಮಾತ್ರ.

ರಕ್ಷಣೆ ಕೇಂದ್ರ ಪಟ್ಟಿಯಲ್ಲಿದೆ, ಆಸ್ಪತ್ರೆ ರಾಜ್ಯ ಪಟ್ಟಿಯಲ್ಲಿದೆ. ಡಿಸ್ಚಾರ್ಜ್ ಬುಕ್ ಕೈಗೆ ಬಂದ ದಿನ ಸೈನಿಕ ಇವೆರಡರ ನಡುವೆ ನಿಂತಿರುತ್ತಾನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಎಲ್ಲರಿಗೂ ಚಿಕಿತ್ಸೆಯ ಹಕ್ಕು ಕೊಟ್ಟಿದೆ, ನಿಜ. ಆದರೆ ಅದು ಕೇಳಿಕೊಂಡು ಬಂದವರಿಗೆ ಒದಗುವ ಹಕ್ಕು. ನೋವನ್ನು ನುಂಗಿಕೊಳ್ಳಲು ಕಲಿತ ಫೌಜಿ ಕೇಳಿಕೊಂಡು ಬರುವುದಿಲ್ಲ. ಆದ್ದರಿಂದ ಕರ್ನಾಟಕದ ಮಾಜಿ ಸೈನಿಕರು ಮತ್ತು ಅವರ ಕುಟುಂಬದವರಾದ ನಮ್ಮ ಒತ್ತಾಯಗಳಿವು:

1. ಸೇವೆಯಿಂದ ಬಿಡುಗಡೆಯಾದವರಿಗಾಗಿ ಆ ಕಾಯ್ದೆಗೆ ಪ್ರತ್ಯೇಕ ಅಧ್ಯಾಯ ಸೇರಿಸಬೇಕು. ಮೊದಲ ಒಂದು ವರ್ಷದ ಮಾನಸಿಕ ಆರೈಕೆಯ ಹೊಣೆ ರಕ್ಷಣಾ ಸಚಿವಾಲಯದ್ದೆಂದು ಅದರಲ್ಲಿ ಬರೆದಿರಬೇಕು. ಸುತ್ತೋಲೆ ಸಾಲದು. ಸುತ್ತೋಲೆಯನ್ನು ಮುಂದಿನ ಅಧಿಕಾರಿ ಓದದೆಯೂ ಇರಬಹುದು.

2. ಫೋನು ಸರ್ಕಾರದ ಕಡೆಯಿಂದಲೇ ಬರಬೇಕು. ಸೇವೆ ಬಿಟ್ಟವರಿಗೆ ಮೊದಲ ವರ್ಷದಲ್ಲಿ ಮೂರು ಸಲ ಇಲಾಖೆಯೇ ಕರೆ ಮಾಡಿ ವಿಚಾರಿಸುವ ‘ಸಾಲಿಡ್ ಸ್ಟಾರ್ಟ್’ ಎಂಬ ಪದ್ಧತಿ ಅಮೆರಿಕದಲ್ಲಿ 2019ರಲ್ಲೇ ಶುರುವಾಯಿತು. ನಮ್ಮಲ್ಲಿ ಜಿಲ್ಲೆಗಳ ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಹೆಸರು, ವಿಳಾಸ ಎಲ್ಲ ಇವೆ. ಅವನ್ನು ಧ್ವಜ ದಿನಕ್ಕೂ ಸನ್ಮಾನಕ್ಕೂ ಮಾತ್ರ ತೆರೆಯುವುದು ಬೇಡ. ತರಬೇತಾದ ಮಾಜಿ ಸೈನಿಕರೊಬ್ಬರು ಕರೆ ಮಾಡಲಿ. ಪಲ್ಟನ್ನಿನ ಭಾಷೆ ಬಲ್ಲವರ ಹತ್ತಿರ ಮಾತು ಬೇಗ ಹೊರಬರುತ್ತದೆ.

3. ಅಗ್ನಿವೀರರನ್ನು ಬಿಡಬಾರದು. ನಮ್ಮ ದೊಡ್ಡ ಆತಂಕ ಇದೇ. 2022ರ ಜೂನ್‌ನಲ್ಲಿ ಘೋಷಣೆಯಾದ ಯೋಜನೆಯ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ. ಹೆಚ್ಚೆಂದರೆ ಶೇ 25ರಷ್ಟು ಮಂದಿಗೆ ಸೇನೆಯಲ್ಲಿ ಮುಂದುವರಿಯುವ ಅವಕಾಶ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಹಿಡಿದು ಮನೆಗೆ ಬರುತ್ತಾರೆ. ಅವರಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರೆಂಬ ಸ್ಥಾನಮಾನವಿಲ್ಲ, ಆದ್ದರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡೂ ಇಲ್ಲ. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗನಿಗೆ ‘ನಿನ್ನನ್ನು ಯಾಕೆ ಇಟ್ಟುಕೊಳ್ಳಲಿಲ್ಲ?’ ಎಂದು ಊರಿನ ಕಟ್ಟೆಯ ಮೇಲೆ ಕೇಳುವವರು ಕೇಳಿಯೇ ಕೇಳುತ್ತಾರೆ. ಯೋಜನೆಯ ಬಗ್ಗೆ ನಮ್ಮೊಳಗೇ ಭಿನ್ನಾಭಿಪ್ರಾಯಗಳಿವೆ, ಅವು ಇರಲಿ. ಸೇವೆಯ ಅವಧಿ ಎಷ್ಟೇ ಇರಲಿ, ಮಾನಸಿಕ ಚಿಕಿತ್ಸೆಯ ಮಟ್ಟಿಗೆ ಇಸಿಎಚ್‌ಎಸ್ ಬಾಗಿಲು ಕನಿಷ್ಠ ಐದು ವರ್ಷ ಅವರಿಗೆ ತೆರೆದಿರಬೇಕು. ಬಿಡುಗಡೆಗೆ ಮೊದಲೇ ಒಬ್ಬೊಬ್ಬರೊಂದಿಗೂ ಆಪ್ತ ಸಮಾಲೋಚನೆ ನಡೆಯಬೇಕು. ಇನ್ನೂರು ಜನರನ್ನು ಹಾಲ್‌ನಲ್ಲಿ ಕೂರಿಸಿ ಉಪನ್ಯಾಸ ಕೊಟ್ಟರೆ ಅದು ಲೆಕ್ಕಕ್ಕಿಲ್ಲ.

4. ಟೆಲಿ ಮಾನಸ್ (14416) ಸಹಾಯವಾಣಿಯ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಸೇನಾಪಡೆಗಳಿಗಾಗಿ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ವಿಶೇಷ ಘಟಕ ತೆರೆಯಿತು. ಅಂಥದ್ದೇ ಘಟಕ ಸೇವೆ ಬಿಟ್ಟವರಿಗಾಗಿ ಬೆಂಗಳೂರಿನಲ್ಲಿ ಬೇಕು, ಕನ್ನಡದಲ್ಲಿ ಬೇಕು.

5. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಹೋದದ್ದೇ ಬಳ್ಳಾರಿಯ ಪ್ರಯೋಗದಿಂದ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕೂ ಇದೆ. ಇಸಿಎಚ್‌ಎಸ್ ಕಾರ್ಡ್ ಇದ್ದವರಿಗೆ ರೆಫರಲ್‌ಗಾಗಿ ಅಲೆಸದೆ ಅಲ್ಲಿಯೇ ಚಿಕಿತ್ಸೆ, ಔಷಧಿ ಸಿಗಲಿ. ಖರ್ಚಿನ ಲೆಕ್ಕವನ್ನು ಕೇಂದ್ರ, ರಾಜ್ಯಗಳು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳಲಿ.

6. ಮನೋವೈದ್ಯರನ್ನು ಕಂಡ ವಿಷಯ ಸೆಕ್ಯುರಿಟಿ ಏಜೆನ್ಸಿಗಾಗಲಿ ಬ್ಯಾಂಕಿಗಾಗಲಿ ತಲುಪಬಾರದು. ಸೇವೆಯಲ್ಲಿದ್ದಾಗ ‘ಲೋ ಮೆಡಿಕಲ್ ಕೆಟಗರಿ’ಗೆ ಹೆದರಿ ಬಾಯಿ ಮುಚ್ಚಿಕೊಂಡವರು ಹೊರಗೆ ಬಂದ ಮೇಲೆ ಗನ್‌ಮ್ಯಾನ್ ಕೆಲಸ ಹೋಗುತ್ತದೆಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಕಾಯ್ದೆಯಲ್ಲಿರುವ ಗೋಪ್ಯತೆಯ ಹಕ್ಕನ್ನು ಮುರಿದವರಿಗೆ ದಂಡ ಬೀಳಬೇಕು.

7. ಕೋವಿಯ ವಿಷಯ ಹೇಳಲು ಕಷ್ಟ, ಆದರೂ ಹೇಳಲೇಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿ ವಿನಾಯಿತಿ ಇದೆ. ಕೋವಿ ಅಲ್ಲಿ ಮನೆತನದ ಗೌರವ. ಅದನ್ನು ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಆದರೆ ಮನೆಯವರ ಮನಸ್ಸು ಕೆಟ್ಟಿರುವ ದಿನಗಳಲ್ಲಿ ಅದನ್ನು ಠಾಣೆಯಲ್ಲಿ ಸ್ವಇಚ್ಛೆಯಿಂದ ಇಟ್ಟು ಬರುವ, ಹಕ್ಕಿಗೆ ಚ್ಯುತಿಯಿಲ್ಲದೆ ಹಿಂದಕ್ಕೆ ಪಡೆಯುವ ಸರಳ ವ್ಯವಸ್ಥೆ ಕೊಡಗಿನಲ್ಲೂ ಬೇರೆ ಜಿಲ್ಲೆಗಳಲ್ಲೂ ಆಗಬೇಕು.

8. ಕ್ಯಾಂಟೀನಿನಲ್ಲಿ ಅಗ್ಗದ ರಮ್ಮು ಸುಲಭವಾಗಿ ಸಿಗುವಷ್ಟೇ ಸುಲಭವಾಗಿ ಕುಡಿತ ಬಿಡಿಸುವ ಚಿಕಿತ್ಸೆಯೂ ಸಿಗಲಿ.

9. ಹೆಂಡತಿ, ತಾಯಿ, ಮಕ್ಕಳು ನೇರವಾಗಿ ನೆರವು ಕೇಳಲು ಅವಕಾಶವಿರಬೇಕು. ‘ಕಾರ್ಡುದಾರರೇ ಬರಲಿ’ ಎಂದು ಅವರನ್ನು ಕೌಂಟರಿನಿಂದ ವಾಪಸು ಕಳಿಸಬಾರದು.

10. ಈ ಪತ್ರಕ್ಕೆ 60 ದಿನಗಳೊಳಗೆ ಕನ್ನಡದಲ್ಲಿ ಲಿಖಿತ ಉತ್ತರ ಬೇಕು. ಯಾವುದನ್ನು ಒಪ್ಪಿದ್ದೀರಿ, ಯಾವುದನ್ನು ಯಾಕೆ ಒಪ್ಪಿಲ್ಲ, ಒಪ್ಪಿದ್ದಕ್ಕೆ ಹೊಣೆಗಾರ ಅಧಿಕಾರಿ ಯಾರು ಎಂಬುದು ಅದರಲ್ಲಿರಲಿ. ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲನ್ನು ನಾವು ಉತ್ತರವೆಂದು ಪರಿಗಣಿಸುವುದಿಲ್ಲ.